ಬೇರೆಯವರ ಕಾಲಲ್ಲಿ ಓಡಿದವರು

ಡಿಸೆಂಬರ್ 26ರ ನಸುಕಿನಲ್ಲಿ ಕ್ರಿಕೆಟ್ ನೋಡಲೆಂದು ಎದ್ದು ಟೀವಿ ಮುಂದೆ ಕೂತವರಿಗೆಲ್ಲ ಮೆಲ್ಬರ್ನ್ ಕ್ರಿಕೆಟ್ ಮೈದಾನ ಗೊತ್ತು. ಅದೇ ಹುಲ್ಲಿನ ಮೇಲೆ ಅಲ್ಲಿನ ಚಳಿಗಾಲದಲ್ಲಿ ಬೇರೊಂದು ಆಟ ನಡೆಯುತ್ತದೆ. ಮೊಟ್ಟೆಯಾಕಾರದ ಚೆಂಡು, ಒಂದೊಂದು ಕಡೆಗೆ ಹದಿನೆಂಟು ಮಂದಿ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ಇದು ಆಸ್ಟ್ರೇಲಿಯನ್ ಫುಟ್‌ಬಾಲ್.

ಈ ಆಟದಲ್ಲಿ ಒಂದು ನಿಯಮವಿದೆ. ದೂರದಿಂದ ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದವನನ್ನು ಎದುರಾಳಿ ಮುಟ್ಟುವಂತಿಲ್ಲ. ನೆಮ್ಮದಿಯಾಗಿ ಗುರಿಯಿಟ್ಟು ಒದೆಯಲು ಅವನಿಗೆ ಅವಕಾಶ ಸಿಗುತ್ತದೆ. ಅವನು ತನ್ನ ಗೆರೆ ಬಿಟ್ಟು ಪಕ್ಕಕ್ಕೆ ಸರಿದರೆ ಅಂಪೈರ್ ‘ಪ್ಲೇ ಆನ್’ ಎಂದು ಕೂಗುತ್ತಾರೆ. ದೂರದಿಂದ ಕೇಳಿದವರಿಗೆ ಇದು ಹುರಿದುಂಬಿಸುವ ಮಾತಿನಂತೆ ತೋರೀತು. ಆಡುವವನಿಗೆ ಅದರ ಅರ್ಥ ಗೊತ್ತು: ನಿನಗಿದ್ದ ರಕ್ಷಣೆ ಮುಗಿಯಿತು, ಇನ್ನು ಯಾರು ಬೇಕಾದರೂ ಮೇಲೆ ಬೀಳಬಹುದು, ನಿಂತರೆ ಕೆಟ್ಟೆ.

ನೀಲ್ ಡ್ಯಾನಿಹರ್ ಎಂಬ ಆಟಗಾರ ತಮ್ಮ ಬದುಕಿನ ಮಾತಾಗಿ ಆರಿಸಿಕೊಂಡದ್ದು ಈ ಕೂಗನ್ನೇ.

ನ್ಯೂ ಸೌತ್ ವೇಲ್ಸ್‌ನ ಅಂಗೇರಿ ಎಂಬ ಪುಟ್ಟ ಊರಿನ ರೈತ ಮನೆತನ ಅವರದು. ನಾಲ್ವರು ಗಂಡುಮಕ್ಕಳು, ಏಳು ಹೆಣ್ಣುಮಕ್ಕಳು ತುಂಬಿದ ಮನೆ. 1979ರಲ್ಲಿ ಎಸೆಂಡನ್ ಕ್ಲಬ್ಬಿಗೆ ಆಡತೊಡಗಿದ ನೀಲ್ ಎರಡೇ ವರ್ಷದಲ್ಲಿ ಎಲ್ಲರ ಬಾಯಲ್ಲಿದ್ದರು. 1981ರಲ್ಲಿ ಕಾರ್ಲ್ಟನ್ ವಿರುದ್ಧ ಸೋತೇ ಹೋಯಿತು ಎಂದುಕೊಂಡಿದ್ದ ಪಂದ್ಯದ ಕೊನೆಯ ಗಳಿಗೆಯಲ್ಲಿ ಅವರು ಹೊಡೆದ ಗೋಲುಗಳಿಂದ ಎಸೆಂಡನ್ ಒಂದೇ ಒಂದು ಅಂಕದಿಂದ ಗೆದ್ದಿತು. ಅದನ್ನು ಕಂಡ ಹಳಬರು ಇವತ್ತಿಗೂ ಆ ಕತೆ ಹೇಳುತ್ತಾರೆ. ಮುಂದಿನ ವರ್ಷಕ್ಕೆ ಕ್ಲಬ್ಬು ಅವರನ್ನು ನಾಯಕನನ್ನಾಗಿ ಮಾಡಿತು. ಆಗ ಅವರಿಗೆ ವಯಸ್ಸು ಬರೀ ಇಪ್ಪತ್ತು.

ಅಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ನಾಯಕನೆಂದು ಹೆಸರು ಬಂತು, ಆ ಋತುವಿನಲ್ಲಿ ಮೈದಾನಕ್ಕೆ ಇಳಿಯಲಾಗಲಿಲ್ಲ. ಒಂದಾದ ಮೇಲೊಂದರಂತೆ ಮೂರು ಸಲ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. 1984, 1985ರಲ್ಲಿ ಎಸೆಂಡನ್ ಸತತವಾಗಿ ಚಾಂಪಿಯನ್ ಆದಾಗ ಗೆದ್ದ ಹದಿನೆಂಟರಲ್ಲಿ ಅವರಿರಲಿಲ್ಲ. 1990ರಲ್ಲಿ ನಾಲ್ವರು ಅಣ್ಣತಮ್ಮಂದಿರೂ ಒಂದೇ ಪಂದ್ಯದಲ್ಲಿ ಎಸೆಂಡನ್ ಪರ ಆಡಿದರು. ಆ ಲೀಗಿನಲ್ಲಿ ಹಾಗೆ ನಡೆದದ್ದು ಅದೇ ಮೊದಲು. ಅದೇ ವರ್ಷ ನೀಲ್ ಅವರ ಆಟ ಮುಗಿಯಿತು. ಒಟ್ಟು 82 ಪಂದ್ಯ.

ಕಾಲು ಹೋದ ಆಟಗಾರನಿಗೆ ಉಳಿಯುವುದೇನು? ತಿಳಿವಳಿಕೆ. ಅದನ್ನಿಟ್ಟುಕೊಂಡು ಅವರು ಕೋಚ್ ಆದರು. ಕೋಚ್‌ನ ಕಷ್ಟ ವಿಚಿತ್ರವಾದದ್ದು. ಎಲ್ಲಿ ಓಡಬೇಕೆಂದು ಅವನಿಗೆ ಕಾಣುತ್ತದೆ, ಓಡುವವನು ಅವನಲ್ಲ. ಮೇಲೆ ಗಾಜಿನ ಕೋಣೆಯಲ್ಲಿ ಕೂತು ಕೆಳಗೆ ಸಂದೇಶ ಕಳಿಸಬೇಕು. ಅದು ಆಟಗಾರನ ಕಿವಿ ಮುಟ್ಟುವುದರೊಳಗೆ ಚೆಂಡು ಬೇರೆ ಕಡೆ ಹೋಗಿರುತ್ತದೆ. ತನ್ನ ಆಸೆಯನ್ನು ಇನ್ನೊಬ್ಬನ ಕಾಲಿಗೆ ಒಪ್ಪಿಸಿ, ಅವನು ಎಡವಿದಾಗ ಸಹಿಸುವುದೇ ಅಲ್ಲಿನ ವಿದ್ಯೆ. ಮಕ್ಕಳನ್ನು ಬೆಳೆಸಿದವರಿಗೂ ಪಾಠ ಹೇಳಿದವರಿಗೂ ಇದರ ರುಚಿ ಗೊತ್ತಿರುತ್ತದೆ.

1997ರಲ್ಲಿ ಮೆಲ್ಬರ್ನ್ ತಂಡ ಪಟ್ಟಿಯ ಕಟ್ಟಕಡೆಯಲ್ಲಿತ್ತು. 1998ರಲ್ಲಿ ಡ್ಯಾನಿಹರ್ ಅದನ್ನು ವಹಿಸಿಕೊಂಡರು, ಅದೇ ವರ್ಷ ತಂಡ ಫೈನಲ್ಲಿಗೆ ಒಂದು ಮೆಟ್ಟಿಲು ಹತ್ತಿರ ಬಂತು. 2000ದಲ್ಲಿ ಫೈನಲ್ ತಲುಪಿತು. ಎದುರಿಗಿದ್ದದ್ದು ಅವರದೇ ಹಳೆಯ ಎಸೆಂಡನ್. ಆ ತಂಡದ ಕೋಚ್ ಒಂದು ಕಾಲದಲ್ಲಿ ಅವರಿಗೇ ಗುರುವಾಗಿದ್ದ ಕೆವಿನ್ ಶೀಡಿ. ಮೆಲ್ಬರ್ನ್ 60 ಅಂಕಗಳಿಂದ ಸೋತಿತು. 2007ರ ಋತುವಿನ ನಡುವೆ ಅವರು ಹುದ್ದೆ ಬಿಟ್ಟಾಗ 223 ಪಂದ್ಯಗಳಾಗಿದ್ದವು, ಕೈಯಲ್ಲಿ ಒಂದೂ ಪ್ರಶಸ್ತಿ ಇರಲಿಲ್ಲ. ಲೆಕ್ಕ ಇಡುವವರ ಪುಸ್ತಕದಲ್ಲಿ ಈ ವೃತ್ತಿಯ ಸಾರ ಇಷ್ಟೇ: ಮುನ್ನಡೆಸಲಾಗದ ನಾಯಕ, ಗೆಲ್ಲಿಸಲಾಗದ ಕೋಚ್.

2013ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಅವರಿಗೆ ಮೋಟಾರ್ ನ್ಯೂರಾನ್ ಕಾಯಿಲೆ (ಎಂಎನ್‌ಡಿ) ಇದೆ ಎಂದು ವೈದ್ಯರು ಹೇಳಿದರು. ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಕೋಶಗಳು ಇದರಲ್ಲಿ ಒಂದೊಂದಾಗಿ ಸಾಯುತ್ತವೆ. ಕೈ ಸೋಲುತ್ತದೆ, ಕಾಲು ಸೋಲುತ್ತದೆ, ಮಾತು ನಿಲ್ಲುತ್ತದೆ, ಕೊನೆಗೆ ಉಸಿರಿಗೂ ಕಷ್ಟ. ಬಹುತೇಕರಲ್ಲಿ ಬುದ್ಧಿ ಮಾತ್ರ ಎಚ್ಚರವಾಗಿದ್ದು ಇದನ್ನೆಲ್ಲ ನೋಡುತ್ತಿರುತ್ತದೆ. ಸಾಮಾನ್ಯವಾಗಿ ಎರಡು ಮೂರು ವರ್ಷದ ಆಯಸ್ಸು. ಗುಣಪಡಿಸುವ ಔಷಧವಿಲ್ಲ. ಡ್ಯಾನಿಹರ್ ಇದಕ್ಕೆ ‘ಮೃಗ’ ಎಂದು ಹೆಸರಿಟ್ಟರು.

2014ರಲ್ಲಿ ಅವರು, ಅದೇ ಕಾಯಿಲೆಯ ಪ್ಯಾಟ್ ಕನಿಂಗ್‌ಹ್ಯಾಮ್ ಮತ್ತು ತರುಣ ವೈದ್ಯ ಇಯಾನ್ ಡೇವಿಸ್ ಜೊತೆ ಸೇರಿ ‘ಫೈಟ್ ಎಂಎನ್‌ಡಿ’ ಸಂಸ್ಥೆ ಕಟ್ಟಿದರು. ಮರುವರ್ಷದಿಂದ ಜೂನ್ ತಿಂಗಳ ಒಂದು ಸೋಮವಾರ, ಮೆಲ್ಬರ್ನ್ ಮತ್ತು ಕಾಲಿಂಗ್‌ವುಡ್ ತಂಡಗಳ ಪಂದ್ಯಕ್ಕೆ ಮುಂಚೆ, ಹಣ ಕೂಡಿಸಲೆಂದು ಹೆಸರಾಂತರು ವೇಷ ಹಾಕಿಕೊಂಡು ಜಾರುಬಂಡೆಯಿಂದ ಮಂಜುಗಡ್ಡೆಯ ನೀರಿಗೆ ಬೀಳತೊಡಗಿದರು. ಊರಿಗೆ ಊರೇ ಉಣ್ಣೆ ಟೋಪಿ ಕೊಂಡು ತಲೆಗೆ ಹಾಕಿಕೊಂಡಿತು. ಟೋಪಿಯ ದುಡ್ಡು ಪ್ರಯೋಗಾಲಯ ಸೇರಿತು. ಹೀಗೆ ಕೂಡಿದ ಹಣ 10 ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿದೆ. 2025ರಲ್ಲಿ ಆ ದೇಶ ತನ್ನ ‘ವರ್ಷದ ಆಸ್ಟ್ರೇಲಿಯನ್’ ಗೌರವವನ್ನು ಅವರಿಗೆ ಕೊಟ್ಟಿತು.

ಕಾಯಿಲೆಯೇ ಅವರನ್ನು ದೊಡ್ಡವರನ್ನಾಗಿ ಮಾಡಿತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕಾಯಿಲೆ ಯಾರನ್ನೂ ದೊಡ್ಡವರನ್ನಾಗಿ ಮಾಡುವುದಿಲ್ಲ, ಅದು ಕಿತ್ತುಕೊಳ್ಳುತ್ತದೆ ಅಷ್ಟೆ. ನನಗೆ ಕಂಡದ್ದು ಬೇರೆ. ಇಪ್ಪತ್ತರ ಹರೆಯದಲ್ಲೇ ಈ ಮನುಷ್ಯನಿಂದ ಕಾಲು ಕಸಿದಾಗ, ಬೇರೆಯವರ ಕಾಲಲ್ಲಿ ಓಡುವುದನ್ನು ಅವರು ಕಲಿಯಬೇಕಾಯಿತು. ಹತ್ತು ವರ್ಷ ಮೆಲ್ಬರ್ನ್‌ನ ಗಾಜಿನ ಕೋಣೆಯಲ್ಲಿ ಕೂತು ಮಾಡಿದ್ದು ಅದರದೇ ಸಾಧಕ. ಆಗ ಅದರಿಂದ ಪ್ರಶಸ್ತಿ ಬರಲಿಲ್ಲ. ಕೈ, ಕಾಲು, ನಾಲಿಗೆ ಎಲ್ಲವೂ ಹೋಗತೊಡಗಿದ ದಿನ ಅದೇ ವಿದ್ಯೆ ಕೈ ಹಿಡಿಯಿತು. ತಾವು ನಡೆಯಲಾಗದಾಗ ಒಂದು ಮೈದಾನದಷ್ಟು ಜನರನ್ನು ನಡೆಸಿದರು. ಅದೂ ಎಂಥ ಪಂದ್ಯಕ್ಕೆ? ಮದ್ದು ನಾಳೆ ಸಿಕ್ಕಿದರೂ ಅದು ಒದಗುವುದು ಬೇರೆ ಯಾರಿಗೋ ಎಂದು ತಿಳಿದೇ ಆಡಿದ ಪಂದ್ಯಕ್ಕೆ.

ಸೋಲಿನಲ್ಲಿ ಕಲಿತದ್ದು ಯಾವತ್ತು, ಎಲ್ಲಿ ಉಪಯೋಗಕ್ಕೆ ಬರುತ್ತದೋ ಹೇಳಲಾಗದು. ಹಾಗಾಗಿ ಒಬ್ಬರ ವೃತ್ತಿಯ ಲೆಕ್ಕವನ್ನು ಅವರು ನಿವೃತ್ತರಾದ ದಿನವೇ ಮುಗಿಸುವುದು ಅವಸರದ ಕೆಲಸ.

ಈ ಕಾಯಿಲೆ ಕಡಲಾಚೆಯದಷ್ಟೇ ಅಲ್ಲ. ಎಳೆಯರನ್ನು ಹಿಡಿಯುವ ಇದರ ಒಂದು ಬಗೆಗೆ ‘ಮದ್ರಾಸ್ ಮಾದರಿ’ ಎಂದೇ ಹೆಸರು; ಅದು ಹೆಚ್ಚಾಗಿ ಕಂಡುಬಂದದ್ದು ದಕ್ಷಿಣ ಭಾರತದಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ಗೆ ಇಂಥ ರೋಗಿಗಳು ಬರುತ್ತಾರೆ. ವರದಿ ಹಿಡಿದು ಊರಿಗೆ ಮರಳಿದ ಮೇಲೆ ಅವರಿಗೆ ಮೈದಾನವಿಲ್ಲ, ಟೋಪಿಯಿಲ್ಲ. ತುತ್ತು ತಿನ್ನಿಸುವ ಹೆಂಡತಿ, ರಾತ್ರಿ ನಾಲ್ಕು ಸಲ ಎದ್ದು ಮಗ್ಗುಲು ಬದಲಿಸುವ ಮಗ, ಇಷ್ಟೇ ಅವರ ತಂಡ. ಅಂಥ ಮನೆ ನಿಮ್ಮ ಬೀದಿಯಲ್ಲಿದ್ದರೆ, ಧೈರ್ಯವಾಗಿರಿ ಎಂದು ಬಾಗಿಲಲ್ಲೇ ನಿಂತು ಹೇಳಿ ಬರಬೇಡಿ. ಒಳಗೆ ಹೋಗಿ, ಒಂದು ರಾತ್ರಿಯ ಪಾಳಿ ನೀವು ತೆಗೆದುಕೊಳ್ಳಿ. ಆ ಮಗ ಅಷ್ಟು ಹೊತ್ತು ಮಲಗಲಿ.