‘ಹಾಳು’ ಎಂಬ ಮಾತು

ಮಗು ಹಾಲು ಚೆಲ್ಲಿದರೆ ತಾಯಿ ‘ಎಲ್ಲಾ ಹಾಳು ಮಾಡ್ತೀಯ’ ಎಂದು ಬಯ್ಯುತ್ತಾಳೆ. ಬಸ್ಸು ಕೆಟ್ಟರೆ ‘ಹಾಳು ಬಸ್ಸು’, ಮಳೆ ಬಿಡದಿದ್ದರೆ ‘ಹಾಳು ಮಳೆ’. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಈ ಮಾತಿನ ಅರ್ಥವನ್ನು ಯೋಚಿಸುವವರು ಕಡಿಮೆ.

ಇದು ಸಂಸ್ಕೃತದಿಂದ ಬಂದದ್ದಲ್ಲ, ಅಚ್ಚಗನ್ನಡ ಪದ. ಹಳಗನ್ನಡದಲ್ಲಿ ‘ಪಾೞ್’ ಎಂದಿತ್ತು. ‘ಪುಲಿ’ ಹುಲಿಯಾದಂತೆ ‘ಪಾೞ್’ ಹಾಳು ಆಯಿತು. ತಮಿಳಿನಲ್ಲಿ ಇಂದಿಗೂ ‘ಪಾೞ್’ ಎನ್ನುತ್ತಾರೆ, ತೆಲುಗಿನಲ್ಲಿ ‘ಪಾಡು’.

ನಾಶಕ್ಕೂ ಹಾಳಿಗೂ ವ್ಯತ್ಯಾಸವಿದೆ. ನಾಶವಾದದ್ದು ಕಣ್ಣಿಗೆ ಕಾಣುವುದಿಲ್ಲ, ಹಾಳಾದದ್ದು ಕಣ್ಣೆದುರೇ ಇರುತ್ತದೆ. ಹಾಳುಬಾವಿ ಎಂದರೆ ಬಾವಿ ಇದೆ, ನೀರು ಸೇದುವವರಿಲ್ಲ. ಹಾಳೂರು ಎಂದರೆ ಗೋಡೆಗಳಿವೆ, ಒಲೆ ಉರಿಯುವುದಿಲ್ಲ. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆ ಹುಟ್ಟಿದ್ದು ಹೀಗೇ.

1565ರ ಯುದ್ಧದಲ್ಲಿ ವಿಜಯನಗರ ಸೋತಿತು. ರಾಜಧಾನಿ ಲೂಟಿಯಾಯಿತು, ಜನ ಊರು ಬಿಟ್ಟರು. ಜನರ ಬಾಯಲ್ಲಿ ಅದು ‘ಹಾಳು ಹಂಪಿ’ ಆಯಿತು. ಅಲ್ಲಿಯ ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಇಂದಿಗೂ ನಿಂತಿದೆ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಮೇಲೂ ಅದರ ಚಿತ್ರವಿದೆ. ಆದರೆ ಆ ದೇವಸ್ಥಾನದಲ್ಲಿ ಪೂಜೆ ಇಲ್ಲ. ಅದೇ ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ದಿನವೂ ದೀಪ ಹಚ್ಚುತ್ತಾರೆ, ವರ್ಷಕ್ಕೊಮ್ಮೆ ತೇರು ಎಳೆಯುತ್ತಾರೆ. ಎರಡೂ ಕಲ್ಲಿನ ಕಟ್ಟಡವೇ. ಒಂದಕ್ಕೆ ನಡೆದುಕೊಳ್ಳುವವರು ಉಳಿದರು, ಇನ್ನೊಂದಕ್ಕೆ ಇಲ್ಲದಾದರು.

ಹಾಗಾದರೆ ಹಾಳು ಮಾಡಿದವನು ಯಾರು? ಕೆಡವಿದವನ ತಪ್ಪು ಎಲ್ಲರಿಗೂ ಕಾಣುತ್ತದೆ. ಪ್ರಾಣಭಯದಿಂದ ಊರು ಬಿಟ್ಟವರನ್ನಂತೂ ದೂರುವಂತಿಲ್ಲ. ಆದರೆ ಯಾವ ದಂಡೂ ಬರದೆ ಮನುಷ್ಯ ತಾನಾಗಿ ಬಿಟ್ಟದ್ದಕ್ಕೆ ಏನು ಹೇಳುವುದು? ಮಕ್ಕಳು ಪಟ್ಟಣ ಸೇರಿದರು, ಊರಿನ ಮನೆಯಲ್ಲಿ ತಾಯಿ ಒಬ್ಬಳೇ, ಹೆಂಚು ಒಡೆದು ಮಳೆನೀರು ಒಲೆಗೆ ಬೀಳುತ್ತದೆ. ಅಣ್ಣತಮ್ಮಂದಿರು ಹೊಡೆದಾಡಿದ್ದೇನೂ ಇಲ್ಲ, ಹೋಗಿಬರುವುದು ನಿಂತುಹೋಯ್ತು ಅಷ್ಟೆ. ಹತ್ತು ವರ್ಷ ಕಳೆದ ಮೇಲೆ ‘ಸಂಬಂಧ ಹಾಳಾಗೋಯ್ತು’ ಅಂತಾರೆ, ಯಾರೋ ಬಂದು ಹಾಳು ಮಾಡಿದ ಹಾಗೆ! ಕೈಯಿಂದ ಕೆಡಿಸುವುದಷ್ಟೇ ಪಾಪವಲ್ಲ, ಕೈ ಬಿಡುವುದೂ ಕೆಡಿಸುವುದೇ.

ಆದರೂ ಈ ಮಾತಿನಲ್ಲೇ ಒಂದು ಸಮಾಧಾನವಿದೆ. ನಾಶವಾದದ್ದು ಮರಳಿ ಬಾರದು. ಹಾಳಾದದ್ದು ಇನ್ನೂ ಅಲ್ಲೇ ಇದೆ. ಹೂಳೆತ್ತಿ ಕೊಡ ಇಳಿಸಿದರೆ ಹಾಳುಬಾವಿಯೂ ಮತ್ತೆ ಬಾವಿಯೇ.

ಬೆಟ್ಟ ಇಳಿದು ಹೋಗುವ ಭಕ್ತರು ಪ್ರಸಾದವನ್ನು ಮನೆಮಂದಿಗೆಲ್ಲ ಹಂಚುತ್ತಾರೆ. ಅದರಲ್ಲಿ ಒಂದು ಪೊಟ್ಟಣವನ್ನು ಮಾತು ಬಿಟ್ಟವರ ಮನೆಗೂ ಕೊಟ್ಟು ಬರಲಿ. ಯಾತ್ರೆ ಪೂರ್ತಿಯಾಗುವುದು ಅಲ್ಲಿ.