ಎಲೆ ಎತ್ತೋ ಗುಂಡ

ನಮ್ಮ ದಂಡಿಗನಹಳ್ಳಿ ಕಡೆ ಮದುವೆಮನೆಯಲ್ಲಿ ಕೆಲಸ ತಪ್ಪಿಸಿಕೊಳ್ಳುವ ಹುಡುಗರನ್ನು ಕಂಡರೆ ಹಿರಿಯರು, "ಎಲೆ ಎತ್ತೋ ಗುಂಡ ಅಂದ್ರೆ ಉಂಡೋರೆಷ್ಟು ಅಂದನಂತೆ" ಎಂದು ಹಂಗಿಸುವುದುಂಟು. ಗುಂಡ ಮೈಗಳ್ಳನೇ ಇರಬಹುದು. ಆದರೆ ಅವನ ಪ್ರಶ್ನೆ ನನಗೆಂದೂ ದಡ್ಡತನದ್ದೆನಿಸಿಲ್ಲ. ಉಂಡವರು ಕೈ ತೊಳೆದು, ಎಲೆಅಡಿಕೆ ಮೆಲ್ಲುತ್ತಾ ಹೊರಟುಹೋಗುತ್ತಾರೆ. ಎಷ್ಟು ಎಲೆ, ಯಾರ ಎಲೆ ಎಂದು ಬಗ್ಗಿ ಎತ್ತುವವನು ಕೇಳದೆ ಇನ್ನಾರು ಕೇಳಬೇಕು? ಎಂಜಲು ಬಳಿದು ನೆಲ ಸಾರಿಸಿದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಗುಂಡನ ಜಾಗದಲ್ಲಿ ಸರ್ಕಾರ ನಿಂತಿದೆ. ಸೇದಿ ಎಸೆದ ಸಿಗರೇಟು, ಬೀಡಿ ತುಂಡುಗಳನ್ನು ಏನು ಮಾಡಬೇಕೆಂಬುದಕ್ಕೆ ಮಾರ್ಗಸೂಚಿ ಮಾಡಿ ಎಂದು 2020ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೇಳಿತು. ಆ ತುಂಡುಗಳ ಪರೀಕ್ಷೆ ಲಕ್ನೋದಲ್ಲಿರುವ ವಿಷವಿಜ್ಞಾನ ಸಂಶೋಧನಾ ಸಂಸ್ಥೆಯ ಪಾಲಿಗೆ ಬಂತು. ಹತ್ತಿಯಂತೆ ಕಾಣುವ ಸಿಗರೇಟಿನ ತುದಿ ಹತ್ತಿಯಲ್ಲ. ಸೆಲ್ಯುಲೋಸ್ ಅಸಿಟೇಟ್ ಎಂಬ ಒಂದು ಬಗೆಯ ಪ್ಲಾಸ್ಟಿಕ್, ಮಣ್ಣಿನಲ್ಲಿ ಬೇಗ ಕರಗುವುದಿಲ್ಲ. ಮಂಡಳಿಯೂ ಸರ್ಕಾರದ್ದು, ಸಂಸ್ಥೆಯೂ ಸರ್ಕಾರದ್ದು. ಸೋಪು ಕೊಂಡಾಗ, ಎಣ್ಣೆ ಕೊಂಡಾಗ ತೆರಿಗೆ ಕೊಟ್ಟ ನಾವು, ಜನ್ಮದಲ್ಲಿ ಸಿಗರೇಟು ಮುಟ್ಟದವರು, ಆ ಪರೀಕ್ಷೆಗೂ ಪಾಲು ಹಾಕಿದವರೇ.

ಬೆಂಕಿಯಿಲ್ಲದೆ ಸೇದಿ ಎಸೆಯುವ ಇ-ಸಿಗರೇಟಿನ ಕತೆ ಇದಕ್ಕಿಂತ ಗೋಜಲು. ಚನ್ನರಾಯಪಟ್ಟಣದಲ್ಲಿರುವ ನನ್ನ ತಂಗಿಗೆ, ರಜೆಗೆಂದು ಬಂದ ಮಗನ ಪ್ಯಾಂಟು ಒಗೆಯಲು ಹಾಕುವಾಗ ಜೇಬಿನಲ್ಲಿ ಬಣ್ಣದ ಕಡ್ಡಿಯೊಂದು ಸಿಕ್ಕಿತು. ಸ್ಕೆಚ್ ಪೆನ್ನಿರಬೇಕೆಂದುಕೊಂಡಳಂತೆ, ಮೂಸಿದರೆ ಮಾವಿನಹಣ್ಣಿನ ವಾಸನೆ. ಅದೇನೆಂದು ತಿಳಿದ ಮೇಲೆ ಅತ್ತದ್ದು, ಬೈದದ್ದು, ಮಗ ಆಣೆ ಇಟ್ಟದ್ದು ಎಲ್ಲ ಆಯಿತು. ಅದು ಅವರ ಮನೆಯ ಮಾತು, ಬಿಡಿ. ಉಳಿದದ್ದು ಆ ಕಡ್ಡಿ. ಒಲೆಗೆ ಹಾಕುವಂತಿಲ್ಲ, ಒಳಗೆ ಬ್ಯಾಟರಿ ಇದೆ. ತಿಪ್ಪೆಗೆ ಎಸೆದರೆ ಯಾವ ಮಗು ಬಾಯಿಗಿಟ್ಟುಕೊಳ್ಳುತ್ತದೋ. ಠಾಣೆಗೆ ಒಯ್ದರೆ ಮಗನ ಹೆಸರು ಬರೆಸಬೇಕಾದೀತೆಂಬ ಅಂಜಿಕೆ. "ಅಕ್ಕಾ, ನೀನು ಓದಿದವಳು, ನೀನೇ ಹೇಳೇ" ಎಂದು ಫೋನಿನಲ್ಲಿ ಕೇಳಿದಳು. ಕೊನೆಗೆ ಅದು ಹಳೆಯ ಹಾರ್ಲಿಕ್ಸ್ ಬಾಟಲಿ ಸೇರಿ ಅಟ್ಟ ಹತ್ತಿತು.

ಆ ಬ್ಯಾಟರಿ ನಮ್ಮ ಮೊಬೈಲ್ ಬ್ಯಾಟರಿಯ ಜಾತಿಯದೇ, ಲಿಥಿಯಂನದು. ಮತ್ತೆ ಮತ್ತೆ ಚಾರ್ಜು ಮಾಡಬಹುದಾದದ್ದನ್ನು ನಾಲ್ಕು ದಿನ ಸೇದಿ ಎಸೆಯುತ್ತಾರೆ. ಒಂದು ಹೊತ್ತಿನ ಸಾರು ಮಾಡಿ ಪಾತ್ರೆಯನ್ನೇ ತಿಪ್ಪೆಗೆ ಹಾಕಿದ ಹಾಗೆ! ಬ್ಯಾಟರಿ, ಪ್ಲಾಸ್ಟಿಕ್, ತಳದಲ್ಲುಳಿದ ನಿಕೋಟಿನ್ ರಸ, ಮೂರನ್ನೂ ಒಂದೇ ಚಿಪ್ಪಿನೊಳಗೆ ಅಂಟಿಸಿರುತ್ತಾರೆ. ಬಿಡಿಸಬೇಕೆಂದರೆ ಒಂದೊಂದನ್ನೂ ಕೈಯಲ್ಲಿ ಒಡೆಯಬೇಕು. ಬ್ಯಾಟರಿಗೆ ಚುಚ್ಚಿದರೆ ಬೆಂಕಿ, ರಸ ಮೈಗೆ ತಾಗಿದರೆ ವಿಷ. ಬ್ರಿಟನ್ನಿನಲ್ಲಿ ವಾರಕ್ಕೆ ಸುಮಾರು 50 ಲಕ್ಷ ಇಂಥವು ಕಸಕ್ಕೆ ಬೀಳುತ್ತಿವೆಯೆಂದು 2023ರಲ್ಲಿ ಅಂದಾಜು ಮಾಡಿದ್ದರು. 2025ರ ಜೂನ್ 1ರಿಂದ ಅಲ್ಲಿ ಒಮ್ಮೆ ಬಳಸಿ ಎಸೆಯುವಂಥವುಗಳ ಮಾರಾಟ ನಿಂತಿದೆ.

ನಮ್ಮಲ್ಲಿ ಅದಕ್ಕೂ ಮೊದಲೇ ನಿಷೇಧವಾಯಿತು. ಕರ್ನಾಟಕದಲ್ಲಿ 2016ರಲ್ಲಿ, ಇಡೀ ದೇಶಕ್ಕೆ 2019ರಲ್ಲಿ. ಹದಿಹರೆಯದ ಮಕ್ಕಳ ನಡುವೆಯೇ ಆಯುಷ್ಯ ಕಳೆದ ನಾನು ಈ ನಿಷೇಧಕ್ಕೆ ಎರಡೂ ಕೈ ಎತ್ತುತ್ತೇನೆ. ಆದರೆ ಅದರಲ್ಲೊಂದು ಸಂದಿ ಉಳಿದಿದೆ. ಬ್ಯಾಟರಿ ಕಸದ ಬಗ್ಗೆ 2022ರಲ್ಲಿ ಬಂದ ನಿಯಮ, ತಯಾರಿಸಿದವನೇ ಹಳೆಯದನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡಿಸಬೇಕೆನ್ನುತ್ತದೆ. ಇ-ಕಸಕ್ಕೂ ಅಂಥದೇ ನಿಯಮವುಂಟು. ನಿಷೇಧವಾದ ಮಾಲಿಗೆ ಲೆಕ್ಕದ ಪುಸ್ತಕದಲ್ಲಿ ತಯಾರಕನೇ ಇಲ್ಲವಲ್ಲ! ಕಳ್ಳದಾರಿಯಲ್ಲಿ ಬಂದದ್ದಕ್ಕೆ ಅಪ್ಪನಿಲ್ಲ, ಅಮ್ಮನಿಲ್ಲ. ಹಿಡಿದ ಮಾಲು ಸರ್ಕಾರದ ಉಗ್ರಾಣಕ್ಕೆ, ಹಿಡಿಯದ ಮಾಲು ನನ್ನ ತಂಗಿಯ ಅಟ್ಟಕ್ಕೆ.

ಇದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದಾಗ ವಿಜ್ಞಾನದ ಮೇಷ್ಟರು ರೇಗಿದರು. "ಕದ್ದು ತಂದ ಮಾಲಿಗೆ ಸಂಶೋಧನೆ ಬೇರೆ ಕೇಡು! ಆ ದುಡ್ಡಿನಲ್ಲಿ ಹೆಣ್ಣುಮಕ್ಕಳಿಗೆ ನಾಲ್ಕು ಶೌಚಾಲಯ ಕಟ್ಟಿಸಲಿ." ಮಧ್ಯಾಹ್ನದವರೆಗೆ ನೀರು ಕುಡಿಯದೆ ಕೂರುವ ಹುಡುಗಿಯರನ್ನು ಬಲ್ಲ ನನಗೆ ಆ ಮಾತು ನಾಟಿತು. ಅದಕ್ಕೆ ಉತ್ತರ ಸುಲಭವಲ್ಲ. ಆದರೂ, ಬಿಡಿಸುವ ಬಗೆ ತಿಳಿಯದೆ ಹೋದರೆ ಖರ್ಚು ಉಳಿಯುತ್ತದೆಂದು ತಿಳಿಯಬಾರದು. ಬರಿಗೈಯಲ್ಲಿ ಕಸ ಆಯುವವಳ ಬೆರಳು, ಕಣ್ಣು, ಉಸಿರಿಗೆ ಆ ಖರ್ಚು ಬೀಳುತ್ತದೆ. ಅದು ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ, ಅಷ್ಟೆ.

ಪರೀಕ್ಷೆ ನಡೆಯಲಿ, ಸರ್ಕಾರವೇ ನಡೆಸಲಿ. ಮಾರುವವರ ಕೈಗೆ ಕೊಟ್ಟರೆ ತಮ್ಮ ಹೆಣ್ಣಿಗೆ ತಾವೇ ಜಾತಕ ಬರೆದಂತಾದೀತು. ನನ್ನ ತಕರಾರೇನಿದ್ದರೂ ದುಡ್ಡಿನದು. ಸಿಗರೇಟಿನ ತುಂಡಿಗಾದರೆ ತಯಾರಕರು ಕಣ್ಣೆದುರಿಗೇ ಇದ್ದಾರೆ, ಅವರಿಂದ ವಸೂಲು ಮಾಡಲಿ. ಇ-ಸಿಗರೇಟು ಮಾರಿ ಸಿಕ್ಕಿಬಿದ್ದವರಿಗೆ ಮೊದಲ ಸಲ ಒಂದು ಲಕ್ಷದವರೆಗೆ, ಮತ್ತೆ ಸಿಕ್ಕಿದರೆ ಐದು ಲಕ್ಷದವರೆಗೆ ದಂಡ ಹಾಕಲು ಕಾನೂನಿದೆ. ಆ ದಂಡದ ಹಣವನ್ನು ಇದೇ ಕೆಲಸಕ್ಕೆ ಮೀಸಲಿಟ್ಟರೆ ಹೆಣ್ಣುಮಕ್ಕಳ ಶೌಚಾಲಯದ ದುಡ್ಡಿಗೆ ಕೈ ಹಾಕಬೇಕಾಗಿಲ್ಲ.

ಗುಂಡನ ಎಣಿಕೆಯಲ್ಲಿ ಒಂದು ತೊಡಕುಂಟು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಆ ಮಂಡಳಿಯೂ ಕೇಂದ್ರ ಸರ್ಕಾರದ್ದೇ, 1976ರಲ್ಲಿ ಆದದ್ದು. ಸೊಪ್ಪು ಬೇಯಿಸುವ ಕಾಲದಲ್ಲಿ ಆ ಕಡೆಯ ಹೆಂಗಸರು ರಾತ್ರಿಯೆಲ್ಲ ಬ್ಯಾರನ್ನಿನ ಬೆಂಕಿ ಕಾಯ್ದು, ಬಂದ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟುತ್ತಾರೆ. ಸಿಗರೇಟಿನ ತೆರಿಗೆ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ನನ್ನ ಸಂಬಳ ಸರ್ಕಾರದ ಬೊಕ್ಕಸದಿಂದ ಬರುತ್ತದೆ. ಪಂಕ್ತಿಯ ಕೊನೆಯಲ್ಲಿ ನಮ್ಮದೂ ಒಂದು ಎಲೆ ಇರಬಹುದು. ಎಣಿಸುವಾಗ ಅದನ್ನು ಬಿಡುವಂತಿಲ್ಲ. ಹಾಗೆಂದು ಹತ್ತು ಎಲೆಯಲ್ಲಿ ಉಂಡವನನ್ನೂ ಚೂರು ಉಪ್ಪಿನಕಾಯಿ ನೆಕ್ಕಿದವಳನ್ನೂ ಒಂದೇ ಎಂದು ಬರೆಯುವುದು ನ್ಯಾಯವೇ, ನೀವೇ ಹೇಳಿ.

ಈಚೆಗೆ ಒಂದೂರಿನಲ್ಲಿ ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿ ಓಡಿಸುವ ಹೆಣ್ಣುಮಗಳೊಬ್ಬಳನ್ನು ಮಾತನಾಡಿಸಿದೆ. ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಜಾಗ ಮಾಡಿದ್ದಳು. ಸೀಟಿನ ಪಕ್ಕ ಒಂದು ಗೋಣಿಚೀಲ ನೇತುಹಾಕಿದ್ದಳು. ಏನಮ್ಮ ಅದು ಎಂದರೆ, ಸೆಲ್ಲು, ಬಲ್ಬು, ಇಂಥ ಕಡ್ಡಿಗಳು ಎಂದಳು.

"ಇದನ್ನ ಎಲ್ಲಿಗೆ ಕೊಡ್ತೀಯಮ್ಮ?"

"ಕೇಳಿದ್ದೀನಿ ಮೇಡಂ, ಇನ್ನೂ ಹೇಳಿಲ್ಲ. ಅಲ್ಲೀಗಂಟ ಗಾಡೀಲೇ ಇರ್ಲಿ ಅಂತ ಇಟ್ಕೊಂಡಿದ್ದೀನಿ" ಎಂದು ಗಾಡಿ ಮುಂದಕ್ಕೆ ಬಿಟ್ಟಳು.