ಬಲ್ಲವನ ಮೌನ

ತಿಜೋರಿಯ ಬೀಗ ದೋಷವುಳ್ಳದ್ದೆಂದು ಅರಿತವನು ಒಡೆಯನಿಗೆ ತಿಳಿಸದೆ ಸುಮ್ಮನಿದ್ದರೆ, ಮುಂದಿನ ಕಳವಿನಲ್ಲಿ ಅವನಿಗೆ ಪಾಲಿಲ್ಲವೇ?

2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಪಿಡುಗು ಸುಮಾರು 150 ದೇಶಗಳ ಗಣಕಯಂತ್ರಗಳಿಗೆ ಹರಡಿ, ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳೂ ಮುಂದಕ್ಕೆ ಹೋದವು. ವಿಂಡೋಸ್‌ನಲ್ಲಿದ್ದ ಆ ದೋಷವನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಬಲ್ಲುದಾಗಿತ್ತು, ಆಯುಧವಾಗಲೆಂದು ಬಚ್ಚಿಟ್ಟಿತ್ತು, ಆ ಆಯುಧವೇ ಕಳುವಾಗಿ ಬಯಲಿಗೆ ಬಂದಿತು. ಹಿಂಸೆಯ ಉಪಕರಣವನ್ನು ಪರರಿಗೆ ಕೊಡುವುದು ಶ್ರಾವಕನಿಗೆ ಅನರ್ಥದಂಡ. ಕೂಡಿಟ್ಟು ಕಳೆದುಕೊಂಡವನು ಕೊಟ್ಟವನಿಗಿಂತ ಬಹು ದೂರದವನೆಂದು ನನಗೆ ತೋರುವುದಿಲ್ಲ.

ಆದರೂ ಬೆರಳನ್ನು ಅತ್ತಲೇ ಚಾಚಲು ಸಂಕೋಚ. ದೋಷಕ್ಕೆ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಉಚಿತವಾಗಿ ನೀಡಿತ್ತು. ಹೆಡತಲೆಯ ನಮ್ಮ ಅಂಗಡಿಯ ಯಂತ್ರ, ಹಾಕಿಕೊಳ್ಳಲೇ ಎಂದು ದಿನವೂ ಕೇಳುತ್ತಿತ್ತು. ವರ್ಷಾಂತ್ಯದ ಲೆಕ್ಕ ಮುಗಿಯಲಿ ಎಂದೆ (ಮಾರ್ಚ್ ಕಡೆಯ ವಾರದ ಪಾಡು ವರ್ತಕರಿಗೆ ಗೊತ್ತು). ಮುಗಿದ ಮೇಲೆ ಮರೆತೆ. ನಮಗೇನೂ ಆಗಲಿಲ್ಲ. ಆದರೆ ಆ ಪಿಡುಗು ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಿಯುವಂಥದು. ನನ್ನ ಆಲಸ್ಯ ಪರರ ಮನೆಗೆ ದಾರಿಯಾಗಬಹುದಿತ್ತು. ತತ್ತ್ವಾರ್ಥಸೂತ್ರವು ಹಿಂಸೆಯನ್ನು ಹೇಳುವಾಗ ಪ್ರಮಾದವನ್ನು ಏಕೆ ಮುಂದಿಟ್ಟಿದೆಯೆಂದು ಅಂದು ತಿಳಿಯಿತು.

ಆ ಯಂತ್ರದಲ್ಲಿದ್ದುದು ನನ್ನ ಲೆಕ್ಕವೊಂದೇ ಅಲ್ಲ, ನಂಬಿದ ಗಿರಾಕಿಗಳ ಉದ್ದರಿಯೂ ಇತ್ತು. ಬಸದಿಯ ದಾನಿಗಳ ಪಟ್ಟಿ ಯಾವ ಯಂತ್ರದಲ್ಲಿದೆ, ಅದಕ್ಕೆ ತೇಪೆ ಹಾಕುವವರು ಯಾರು ಎಂದು ಟ್ರಸ್ಟಿನ ಮುಂದಿನ ಸಭೆಯಲ್ಲಿ ಕೇಳಬೇಕೆಂದಿದ್ದೇನೆ.